ನೋಡದ ನೀರಿನ ಮಡಿ

ಗಂಜಿಯ ಹುಳಿ ವಾಸನೆ ಮೂಗಿಗೆ ಬಡಿದರೆ ನನಗೆ ಗುರುಗ್ರಹ ನೆನಪಾಗುತ್ತದೆ. ಬೇರೆಯವರಿಗೆ ತಾಯಿಯ ಕೈಯಡುಗೆಯೋ ಹಳೆಯ ಪ್ರೇಮವೋ ನೆನಪಾಗಬಹುದು. ನನ್ನ ಹಣೆಬರಹ ಇದು. ಹೋದ ತಿಂಗಳು ಸೀರೆ ಕೊಳ್ಳಲೆಂದು ಇಳಕಲ್‌ಗೆ ಹೋಗಿದ್ದೆ. ಬಸ್ಸಿಳಿದು ನೇಕಾರರ ಓಣಿ ಹೊಕ್ಕರೆ, ಯಾರೋ ಬೀದಿಯುದ್ದಕ್ಕೂ ಹಾಸಿನ, ಅಂದರೆ ಸೀರೆಯ ಉದ್ದೆಳೆಯ, ನೂಲು ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಈಗ ಓಣಿ ತುಂಬ ವಿದ್ಯುತ್ ಮಗ್ಗಗಳ ಗದ್ದಲ. ಕೈಮಗ್ಗದ ಹಾಸು ಕಣ್ಣಿಗೆ ಬೀಳುವುದೇ ಅಪರೂಪ. ಆ ವಾಸನೆಗೆ ಕಾಲು ತಾನಾಗಿ ನಿಂತಿತು. ಎರಡು ಸಾವಿರದ ಮೂರರ ಮಳೆಗಾಲ, ನೀಲವ್ವನ ಮನೆ, ಆಕೆಯ ಮೊಮ್ಮಗಳು ಬನಶಂಕರಿ, ಜೊತೆಗೆ ತಲೆಯಲ್ಲಿ ಸಗಣಿ ತುಂಬಿಕೊಂಡು ಓಡಾಡುತ್ತಿದ್ದ ಊರಿನ ಒಂದಷ್ಟು ಗೌರವಾನ್ವಿತರು, ಎಲ್ಲರೂ ಒಟ್ಟಿಗೆ ನೆನಪಾದರು.

ಆ ವರ್ಷ ಜೂನ್‌ನಲ್ಲಿ ನನ್ನನ್ನು ಇಳಕಲ್‌ನ ಒಂದು ಪಿಯು ಕಾಲೇಜಿಗೆ ಭೌತಶಾಸ್ತ್ರ ಕಲಿಸಲು ಹಾಕಿದರು. ನನ್ನದು ಬಾಗಲಕೋಟೆ. ಬಾಗಲಕೋಟೆ ಎಂದರೆ ಹಳೆಯದು. ನಮ್ಮ ಓಣಿ ಕೃಷ್ಣೆಯ ಅಣೆಕಟ್ಟಿನ ಹಿನ್ನೀರಿನಡಿ ಹೋದ ಮೇಲೆ ನವನಗರದ ಸೆಕ್ಟರೊಂದರಲ್ಲಿ ಬಂದು ಬಿದ್ದವರು ನಾವು. ನನಗೆ ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ, ಆಗುವ ಇರಾದೆಯೂ ಇರಲಿಲ್ಲ. ಈ ಕೊನೆಯ ಸಂಗತಿಯನ್ನು ಇಳಕಲ್‌ನಲ್ಲಿ ಯಾರೊಬ್ಬರೂ ನಂಬಲಿಲ್ಲ. ಕಾಲೇಜಿನ ಜವಾನನಿಂದ ಪ್ರಿನ್ಸಿಪಾಲರ ತನಕ ಎಲ್ಲರೂ ಕನಿಕರದಿಂದ ಕೇಳುವವರೇ: "ಗುರುಬಲ ಇನ್ನೂ ಬಂದಿಲ್ಲೇನ್ರಿ ಮೇಡಂ?" ಗುರುಬಲ ಇದ್ದರೇನೇ ಹೆಣ್ಣಿಗೆ ಲಗ್ನ. ಎಲ್ಲಿಯೋ ಕೋಟಿಗಟ್ಟಲೆ ಮೈಲಿ ದೂರ ಸುತ್ತುವ ಒಂದು ಅನಿಲದ ಉಂಡೆಗೆ ನನ್ನ ಮದುವೆಯನ್ನು ಗಂಟು ಹಾಕಿ ಇವರು ನೆಮ್ಮದಿಯಾಗಿ ಚಹಾ ಕುಡಿಯುತ್ತಿದ್ದರು.

ನೀಲವ್ವನ ಮನೆಯ ಹಿಂದಿನ ಕೋಣೆ ನನಗೆ ಬಾಡಿಗೆಗೆ ಸಿಕ್ಕಿತು. ಮುಂದಿನ ಪಡಸಾಲೆಯಲ್ಲಿ, ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಹಳೆಯ ಮಗ್ಗ. ಅವಳ ಮಗ ಸಂಗಪ್ಪ ಸೀರೆ ಅಂಗಡಿ ಇಟ್ಟು ಮಗ್ಗದಿಂದ ಎದ್ದಾಗಿತ್ತು; ನೀಲವ್ವ ಮಾತ್ರ ಎಪ್ಪತ್ತರ ಹತ್ತಿರ ಬಂದರೂ ಏಳಲು ತಯಾರಿರಲಿಲ್ಲ. ಸಂಗಪ್ಪನ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಮಗಳು ಬನಶಂಕರಿ ನಮ್ಮದೇ ಕಾಲೇಜಿನಲ್ಲಿ ಎರಡನೇ ಪಿಯು ವಿಜ್ಞಾನ ಓದುತ್ತಿದ್ದಳು. ಎಲ್ಲರಿಗೂ ಬನವ್ವ.

ಮೊದಲ ದಿನವೇ ಜಗಳ. ಮಳೆಯಲ್ಲಿ ನೆನೆದು, ಬಸ್ಸಿನ ನೂಕುನುಗ್ಗಲಿನಲ್ಲಿ ಜೀವ ಸಾಕಾಗಿ ಬಂದವಳು, ಅಡುಗೆಮನೆಯ ಬಾಗಿಲಲ್ಲಿ ತುಂಬಿದ ತಾಮ್ರದ ಕೊಡ ಕಂಡು ಒಂದು ಲೋಟ ಅದ್ದಲು ಹೋದೆ.

"ಏ, ಮುಟ್ಟಬ್ಯಾಡ!"

ಮನೆಗೆ ಬೆಂಕಿ ಬಿದ್ದವರಂತೆ ಕೂಗಿದಳು ನೀಲವ್ವ. ಅದು ದೇವರ ಮಡಿ ನೀರಂತೆ. ನನ್ನ ಬೆರಳು ಕೊಡಕ್ಕೆ ತಾಗಿತೋ ಇಲ್ಲವೋ, ಅಷ್ಟೂ ನೀರನ್ನು ಒಯ್ದು ಬೀದಿಗೆ ಸುರಿದಳು. ನಲ್ಲಿಯಲ್ಲಿ ನೀರು ಬಂದರೆ ಹಬ್ಬ ಎನ್ನುವಂಥ ಊರಿನಲ್ಲಿ! ನನ್ನ ಮೈಯೆಲ್ಲ ಉರಿದುಹೋಯಿತು. ನೀನು ಯಾರ ಪೈಕಿ ಎಂದು ಆಕೆ ಕೇಳಿರಲಿಲ್ಲ, ಅದೊಂದು ಪುಣ್ಯ. ಸ್ನಾನ ಮಾಡದ ಸ್ವಂತ ಮಗನಿಗೂ ಅದೇ ಆಜ್ಞೆ. ಆದರೆ ಆ ಕೊಡದ ಸುತ್ತ ಅವಳು ನಡೆಸುತ್ತಿದ್ದ ದರ್ಬಾರು ನೋಡಬೇಕಿತ್ತು. ಬೆಳಗ್ಗೆ ಒದ್ದೆ ಸೀರೆಯಲ್ಲಿ ನೀರು ತಂದು, ಮೇಲೆ ತಟ್ಟೆ ಮುಚ್ಚಿ, ಅದರ ಮೇಲೆ ಒದ್ದೆ ಬಟ್ಟೆ ಹಾಸಿ, ಎದುರು ಕಾವಲು ಕೂರುವುದು. ಅದೇ ಕೈಯಿಂದ ಬಚ್ಚಲ ನೀರನ್ನು ನೆರೆಮನೆಯ ಬಾಗಿಲಿಗೆ ಹರಿಯಬಿಡುವುದು. ಶುದ್ಧದ ಮೇಲೆ ಇಷ್ಟು ಪ್ರೀತಿ ಇದ್ದವರ ಬೀದಿ ಅಷ್ಟೊಂದು ಹೊಲಸಾಗಿರುವುದು ನಮ್ಮ ದೇಶದಲ್ಲಿ ಮಾತ್ರ ಸಾಧ್ಯ.

ಬನವ್ವ ಬೇರೆ ಜಾತಿಯ ಪ್ರಾಣಿ. ಜುಲೈನಲ್ಲಿ ಜಿಟಿಜಿಟಿ ಮಳೆ ಹಿಡಿದು, ಗಂಜಿ ಹಚ್ಚಿದ ಹಾಸು ಒಣಗದೆ ಮನೆಯೆಲ್ಲ ಹುಳಿ ನಾರುತ್ತಿದ್ದ ದಿನಗಳವು. ಒಂದು ಮಧ್ಯಾಹ್ನ ನಾನು ತರಿಸುತ್ತಿದ್ದ ವಿಜ್ಞಾನ ಪತ್ರಿಕೆ ಹಿಡಿದುಕೊಂಡು ಬಂದಳು. ಅದರಲ್ಲಿ ಗುರುವಿನ ಚಂದ್ರ ಯುರೋಪಾದ ಚಿತ್ರವಿತ್ತು: ಬಿಳಿ ಮಂಜುಗಡ್ಡೆಯ ಉಂಡೆ, ಮೈತುಂಬ ಕಂದು ಗೀರು.

"ಅಕ್ಕೋರ, ಸೂರ್ಯಾ ಅಷ್ಟು ದೂರ ಅದಾನು. ಐಸಿನ ಕೆಳಗ ನೀರು ಹೆಪ್ಪುಗಟ್ಟದಂಗ ಹ್ಯಾಂಗ ಉಳಿತೈತ್ರಿ?"

ಆ ಕಾಲೇಜಿನಲ್ಲಿ ಪರೀಕ್ಷೆಗೆ ಬರದ ಒಂದು ಪ್ರಶ್ನೆಯನ್ನು ನನಗೆ ಕೇಳಿದವಳು ಅವಳೊಬ್ಬಳೇ. ಮುರಿದ ಕೊಡೆಯ ತಂತಿಯೊಂದನ್ನು ಕೈಗೆ ಕೊಟ್ಟು, ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸು ಎಂದೆ. ಬಗ್ಗಿಸಿದಳು. ಮುಟ್ಟಿ ನೋಡಿಕೊಂಡು ಕಣ್ಣರಳಿಸಿದಳು. ಅಷ್ಟಕ್ಕೇ ಬಿಡಲಿಲ್ಲ, ಓಡಿಹೋಗಿ ಆ ತಂತಿಯನ್ನು ನೀಲವ್ವನ ಕೆನ್ನೆಗೆ ಮುಟ್ಟಿಸಿದಳು.

"ಹಾ! ಸುಡ್ತೈತೆಲೆ ಹುಚ್ಚಿ!"

"ನೋಡು ಆಯಿ, ಬೆಂಕಿ ಇಲ್ಲ ಏನಿಲ್ಲ. ಗುರು ಆ ಚಂದ್ರನ್ನ ಹಿಂಗ ಜಗ್ಗೂದು ಬಿಡೂದು ಮಾಡ್ತಾನಂತ. ಅದಕ್ಕ ಒಳಗ ಬೆಚ್ಚಗ."

"ಮಾಡ್ಲಿ ಬಿಡವ್ವ. ಮೈಲಿಗಿ ತಂತಿ ನನಗ್ಯಾಕ ಮುಟ್ಟಿಸಿದಿ?" ಎಂದು ನೀಲವ್ವ ಮತ್ತೊಮ್ಮೆ ಸ್ನಾನಕ್ಕೆ ಎದ್ದಳು.

ಶ್ರಾವಣ ಬಂತು. ಕಾಲೇಜಿನ ವಿಜ್ಞಾನ ಸಂಘದ ಉದ್ಘಾಟನೆಗೆ ನೀವೇ ಮಾತಾಡಿ ಎಂದರು ಪ್ರಿನ್ಸಿಪಾಲರು. ಇತಿಹಾಸದವರು, ವಿಜ್ಞಾನ ಎಂದರೆ ಅವರ ಮಟ್ಟಿಗೆ ದೀಪ ಹಚ್ಚುವುದು, ಶಾಲು ಹೊದಿಸುವುದು, ಚೂಡಾ ತಿನ್ನುವುದು. ಕಾಲೇಜಿನ ಹಾಲ್ ಸೋರುತ್ತಿದ್ದುದರಿಂದ ಪೇಟೆಯ ಕಲ್ಯಾಣ ಮಂಟಪ ಹಿಡಿದರು. ನಾನು ಬರೆದುಕೊಟ್ಟ ವಿಷಯ 'ಗುರುವಿನ ಹಿಮಚಂದ್ರರು: ಉಪನ್ಯಾಸ'. ಬ್ಯಾನರ್ ಬರೆಯುವ ಪುಣ್ಯಾತ್ಮನಿಗೆ ಗುರುವನ್ನು ಹಾಗೆ ಬರಿದಾಗಿ ಬರೆಯಲು ಮನಸ್ಸು ಬರಲಿಲ್ಲ. 'ಶ್ರೀ ಗುರುವಿನ ಹಿಮಚಂದ್ರರು' ಎಂದು ಬರೆದು, ಎರಡೂ ಬದಿಗೆ ಓಂಕಾರ ಹಾಕಿ, ಪೇಟೆಯ ನಡುವೆ ಕಟ್ಟಿಬಿಟ್ಟ.

ಶ್ರಾವಣದಲ್ಲಿ ನಮ್ಮ ಕಡೆ ಓಣಿಗೊಂದು ಪ್ರವಚನ. ಶ್ರೀ ಗುರು ಎಂದ ಮೇಲೆ ಕೇಳಬೇಕೆ? ಮಂಟಪ ಕಿಕ್ಕಿರಿಯಿತು. ಹೆಂಗಸರು ಹೂವು, ಕಾಯಿ, ಊದಿನಕಡ್ಡಿ ಹಿಡಿದು ಮುಂದಿನ ಸಾಲಿನಲ್ಲಿ ಕೂತರು. ವಿದ್ಯಾರ್ಥಿಗಳು ಹಿಂದೆ ನಿಂತರು. ನಾನು ಡ್ರಾಯಿಂಗ್ ಶೀಟಿನ ಮೇಲೆ ಬರೆದು ತೂಗುಹಾಕಿದ್ದ ಗುರುಗ್ರಹದ ಚಿತ್ರದೆದುರು ಯಾರೋ ಕಾಯಿ ಒಡೆದೇಬಿಟ್ಟರು. ಕಾಯಿನೀರು ಸಿಡಿದು ಗುರುವಿನ ಕೆಂಪು ಚುಕ್ಕೆ ಬಣ್ಣ ಬಿಟ್ಟುಕೊಂಡು ಕೆಳಗಿಳಿಯಿತು. ವೇದಿಕೆಯ ಮೇಲೆ ನನ್ನ ಪಕ್ಕದಲ್ಲಿ ಪಂಚಾಂಗ ನೋಡುವ ಶಾಸ್ತ್ರಿಗಳು. ಅವರಿಲ್ಲದೆ ಆ ಊರಿನಲ್ಲಿ ಬೋರ್‌ವೆಲ್ ಕೂಡ ಕೊರೆಯುತ್ತಿರಲಿಲ್ಲ. ಎದ್ದು ಹೋಗಿಬಿಡೋಣ ಎನ್ನಿಸಿತು. ಹಿಂದೆ ಬನವ್ವ ಪೆನ್ನು ಹಿಡಿದು ನಿಂತಿದ್ದಳು. ಅವಳೊಬ್ಬಳಿಗೇ ಮಾತಾಡುತ್ತೇನೆ ಎಂದುಕೊಂಡು ಶುರು ಮಾಡಿದೆ.

ಯುರೋಪಾ ನಮ್ಮ ಚಂದ್ರನಿಗಿಂತ ತುಸು ಸಣ್ಣದು ಎಂದೆ. ಮೈಮೇಲೆ ಕುಳಿಗಳು ಕಡಿಮೆ. ಅಂದರೆ ಹಳೆಯ ಮೈ ಅಳಿಸಿ ಹೊಸ ಮೈ ಬರುತ್ತಲೇ ಇದೆ. ಮಂಜಿನ ಹಾಳೆಗಳು ಒಡೆದು, ಸರಿದು, ಮತ್ತೆ ಅಂಟಿಕೊಂಡ ಗುರುತುಗಳಿವೆ. ಗುರುವಿನ ಕಾಂತಕ್ಷೇತ್ರ ಅತ್ತಿತ್ತ ಹೊರಳಿದಂತೆ ಆ ಚಂದ್ರನ ಒಳಗಿನಿಂದಲೂ ಒಂದು ಉತ್ತರ ಬರುತ್ತದೆ. ಗಟ್ಟಿ ಮಂಜಿನಿಂದ ಅಂಥ ಉತ್ತರ ಬರುವುದಿಲ್ಲ, ಉಪ್ಪುನೀರಿನಿಂದ ಬರುತ್ತದೆ. ಲೆಕ್ಕ ಸರಿಯಾದರೆ ನಮ್ಮ ಎಲ್ಲ ಸಮುದ್ರ ಕೂಡಿದರೂ ಅದಕ್ಕಿಂತ ಹೆಚ್ಚಿನ ನೀರು ಅಲ್ಲಿ ಕತ್ತಲಲ್ಲಿ ಇದೆ. ನಮ್ಮ ಸಮುದ್ರದ ತಳದಲ್ಲೂ ಬಿಸಿಲು ಇಳಿಯದ ಕಡೆ ಬಿಸಿನೀರಿನ ಬುಗ್ಗೆಗಳ ಸುತ್ತ ಜೀವಿಗಳು ಬದುಕಿವೆ. ಅಲ್ಲೂ ಇದ್ದರೆ? ನಮಗೂ ಅದಕ್ಕೂ ನಂಟಿಲ್ಲದೆ ತಾನಾಗಿ ಹುಟ್ಟಿದ, ಕಣ್ಣಿಗೆ ಕಾಣದಷ್ಟು ಸಣ್ಣ ಒಂದೇ ಒಂದು ಜೀವ ಸಿಕ್ಕರೂ, ಜೀವವೆನ್ನುವುದು ಈ ಭೂಮಿಯಲ್ಲಿ ಒಮ್ಮೆ ಮಾತ್ರ ಆದ ಅಕಸ್ಮಾತ್ತಲ್ಲ ಎಂದು ತಿಳಿಯುತ್ತದೆ. ನೀರು, ಬಿಸಿ, ಉಪ್ಪು ಎಲ್ಲ ಇದ್ದೂ ಅಲ್ಲೇನೂ ಹುಟ್ಟಿಲ್ಲವೆಂದರೆ, ನಾವು ಎಷ್ಟು ಅಪರೂಪದವರು ಎಂದಾದರೂ ತಿಳಿಯುತ್ತದೆ. ಎರಡರಲ್ಲಿ ಯಾವುದು ನಿಜವಾದರೂ ಹೋಗಿ ನೋಡಬೇಕಾದದ್ದೇ ಎಂದೆ.

ಪ್ರಶ್ನೆ ಕೇಳಿ ಎಂದರೆ ಮೊದಲು ಎದ್ದವರು ಪ್ರಿನ್ಸಿಪಾಲರು. "ಇದು ಪರೀಕ್ಷಾಕ ಬರ್ತೈತೇನ್ರಿ ಮೇಡಂ?" ಇಂಥವರ ಕೈಯಲ್ಲಿ ಮಕ್ಕಳನ್ನು ಕೊಟ್ಟು ದೇಶ ಉದ್ಧಾರವಾಗಲಿ ಎನ್ನುತ್ತೇವೆ. ಆಮೇಲೆ ಕಂಬಕ್ಕೊರಗಿದ್ದ ಒಬ್ಬ ಮುದುಕ: "ಅಷ್ಟು ನೀರು ನಿಂತೈತಂದ್ರ ಡ್ಯಾಮ್ ಯಾರು ಕಟ್ಯಾರವ್ವ? ಮುಳುಗಡಿ ಆದ ಮಂದಿ ಎಲ್ಲೆ ಹ್ವಾದ್ರು?" ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಮ್ಮ ಕಡೆಯವನೇ ಇರಬೇಕು, ಪಾಪ.

ಕೊನೆಗೆ ಒಂದು ಮಾತು ಹೇಳಿದೆ. ಗುರುವನ್ನು ವರ್ಷಗಟ್ಟಲೆ ಸುತ್ತಿ ಇದನ್ನೆಲ್ಲ ತಿಳಿಸಿದ ನೌಕೆಯ ಇಂಧನ ಮುಗಿಯುತ್ತ ಬಂದಿದೆ. ಹಾಗೇ ಬಿಟ್ಟರೆ ಎಂದೋ ಒಂದು ದಿನ ಅದು ಯುರೋಪಾದ ಮೇಲೆ ಬೀಳಬಹುದು; ಇಲ್ಲಿಂದ ಅಂಟಿಕೊಂಡು ಹೋದ ಸೂಕ್ಷ್ಮಜೀವಿಗಳು ಇನ್ನೂ ಬದುಕಿದ್ದರೆ ಆ ನೀರು ಕೆಡಬಹುದು. ಹಾಗಾಗಿ ಬರುವ ಸೆಪ್ಟೆಂಬರಿನಲ್ಲಿ ಅದನ್ನು ಬೇಕೆಂದೇ ಗುರುವಿನೊಳಗೆ ಇಳಿಸಿ ಸುಟ್ಟುಬಿಡುತ್ತಾರೆ.

ಅಷ್ಟು ಹೊತ್ತು ಕಣ್ಣು ಮುಚ್ಚಿ ತೂಗುತ್ತಿದ್ದ ಶಾಸ್ತ್ರಿಗಳು ಥಟ್ಟನೆ ಎಚ್ಚರಾದರು.

"ಏನು? ಗುರುವಿನೊಳಗ ಯಂತ್ರ ಒಗೀತಾರ?"

"ಹೌದ್ರಿ."

"ಸುಟ್ಟದ್ದು, ಕರಕಲಾದದ್ದು, ಗುರುವಿನ ಮೈಮ್ಯಾಲೆ?" ಎಂದು ಜನರ ಕಡೆ ತಿರುಗಿ ಎರಡೂ ಕೈಯೆತ್ತಿದರು. "ಮುಗೀತು! ಗುರು ಮೈಲಿಗಿ ಆದ!"

ಮರುದಿನಕ್ಕೆ ಊರೆಲ್ಲ ಅದೇ ಮಾತು. ಯಂತ್ರ ಬಿದ್ದ ಮೇಲೆ ಗುರುಬಲ ಕೆಡುತ್ತದೆ, ಶಾಂತಿ ಮಾಡಿಸದೆ ಈ ವರ್ಷ ಲಗ್ನ ಹಿಡಿಯಬಾರದು. ಗುರುವಿನ ಹೊಟ್ಟೆಯಲ್ಲಿ ಸಾವಿರಕ್ಕೂ ಹೆಚ್ಚು ಭೂಮಿ ಹಿಡಿಸುತ್ತವೆ. ಅದಕ್ಕೆ ಬಸ್ಸಿನಷ್ಟೂ ಇಲ್ಲದ ಒಂದು ಡಬ್ಬಿ ಬಿದ್ದು ಮೈಲಿಗೆಯಂತೆ! ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ನನ್ನ ಉಪನ್ಯಾಸದಿಂದ ಆ ಊರಿಗೆ ತಲುಪಿದ್ದು ಇಷ್ಟೇ.

ನಮ್ಮ ಮನೆಯಲ್ಲಿ ಮಾತ್ರ ಅದು ನಗುವ ವಿಷಯವಾಗಿ ಉಳಿಯಲಿಲ್ಲ. ಬನವ್ವನಿಗೆ ಅದೇ ಶ್ರಾವಣದಿಂದ ಗುರುಬಲ ಬಂದಿತ್ತು. ಹದಿನೆಂಟು ಆಗಷ್ಟೇ ತುಂಬಿತ್ತು. ಹುನಗುಂದದ ಕಡೆಯಿಂದ ಸಂಬಂಧ ಬಂದು, ದೀಪಾವಳಿ ಮುಗಿದ ಕೂಡಲೇ ಲಗ್ನ ಎಂದು ಸಂಗಪ್ಪ ಮಾತು ಕೊಟ್ಟು ಬಂದಿದ್ದ. ಪರೀಕ್ಷೆ ಇದ್ದದ್ದು ಮಾರ್ಚ್‌ನಲ್ಲಿ. ನಾನು ಕೇಳಿದ್ದಕ್ಕೆ ಅವನದು ಒಂದೇ ರಾಗ: "ನಾ ಏನ್ ಮಾಡ್ಲಿರಿ ಅಕ್ಕೋರ, ಗುರುಬಲ ಒಮ್ಮೆ ಹ್ವಾದ್ರ ಮತ್ತ ಯಾವಾಗೋ. ತಾಯಿಲ್ಲದ ಹುಡುಗಿ." ಕೆಟ್ಟವನಲ್ಲ. ಕೆಟ್ಟವನಾಗಲೂ ಸ್ವಂತ ಬುದ್ಧಿ ಬೇಕಾಗುತ್ತದೆ.

ಗುರು ಮೈಲಿಗೆಯಾದ ಸುದ್ದಿ ಕೇಳಿ ಹುನಗುಂದದವರು ಹಿಂದೇಟು ಹಾಕಿದರು. ಬನವ್ವನ ಮುಖ ಅರಳಿತು. ಆದರೆ ಅವರು ಪೂರ್ತಿ ಬಿಡಲಿಲ್ಲ; ಮಾತಾಡಿದ ಅಕ್ಕೋರನ್ನೇ ಕೇಳಿಬಿಡೋಣ, ಪಿತೃಪಕ್ಷ ಕೂಡುವುದರೊಳಗೆ ಬರುತ್ತೇವೆ ಎಂದು ಹೇಳಿ ಕಳಿಸಿದರು. ಅಂದು ಸಂಜೆ ಬನವ್ವ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಅಕ್ಕೋರ, ಹೌದು ಮೈಲಿಗಿ ಆಗ್ತೈತಿ ಅಂದುಬಿಡ್ರಿ. ನಿಮ್ಮ ಬಾಯಾಗಿನ ಒಂದ ಮಾತು. ನಂದು ಪರೀಕ್ಷಾ ಉಳಿತೈತಿ."

"ಒಲ್ಲೆ."

"ಯಾಕ್ರಿ? ಹೆಂಗೂ ಅವ್ರು ಹುಚ್ಚರು ಅಂತೀರಿ. ಹುಚ್ಚರಿಗೆ ಸುಳ್ಳು ಹೇಳಿದ್ರ ಏನಾತು?"

"ಸುಳ್ಳಿನ ಮ್ಯಾಲ ಸಿಕ್ಕ ವರ್ಷ ಎಷ್ಟು ದಿನ ಬಾಳ್ತೈತಿ ಬನವ್ವ? ಶಾಸ್ತ್ರಿಗಳು ನಾಳೆ ಒಂದು ಶಾಂತಿ ಮಾಡಿಸಿ ಗುರುನ್ನ ತೊಳದು ಕೊಡ್ತಾರ. ಆಗ ನನ್ನ ಬಾಯಾಗ ಇನ್ನೊಂದು ಸುಳ್ಳು ಹುಡುಕ್ತೀಯೇನು?"

"ನಿಮಗ ಖರೆ ಬೇಕು, ನನಗ ಪರೀಕ್ಷಾ ಬೇಕು," ಎಂದು ಎದ್ದು ಹೋದಳು. ಆಮೇಲೆ ಮಾತು ಬಿಟ್ಟಳು. ಕ್ಲಾಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂರುತ್ತಿದ್ದಳು. ನನಗೆ ಊಟ ಸೇರುತ್ತಿರಲಿಲ್ಲ. ಆ ಹುಡುಗಿಯ ಬದುಕು ಶಾಸ್ತ್ರಿಯ ಬಾಯಲ್ಲೋ ನನ್ನ ಬಾಯಲ್ಲೋ ಇತ್ತೇ ಹೊರತು ಅವಳ ಬಾಯಲ್ಲಿ ಇರಲೇ ಇಲ್ಲ. ಇಡೀ ಊರನ್ನು ಸಾಲಾಗಿ ನಿಲ್ಲಿಸಿ ಬಾರಿಸಬೇಕು ಎನ್ನುವಷ್ಟು ಸಿಟ್ಟು ಬರುತ್ತಿತ್ತು.

ಹುನಗುಂದದವರು ಬಂದರು. ಹುಡುಗ, ಅವನ ಸೋದರಮಾವ, ಜೊತೆಗೆ ಶಾಸ್ತ್ರಿಗಳು. ಮಾತೆಲ್ಲ ಮಾವನದು, ಹುಡುಗ ಹೊಸ ಮೊಬೈಲಿನ ಗುಂಡಿ ಒತ್ತುತ್ತ ಅದರೊಳಗೇ ಮುಳುಗಿದ್ದ. ಸಂಗಪ್ಪ ಅವಲಕ್ಕಿ ಕೊಡಿಸಿ ಕೈಕಟ್ಟಿ ನಿಂತ. ನೀಲವ್ವ ಮಗ್ಗದ ಪಕ್ಕದಲ್ಲಿ ನೂಲು ಸುತ್ತುತ್ತ ಕೂತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಬನವ್ವ.

"ಅಕ್ಕೋರ, ನೀವು ಕಲತಾವ್ರು," ಎಂದ ಮಾವ. "ಖರೆ ಹೇಳ್ರಿ. ಆ ಯಂತ್ರ ಬಿದ್ರ ಗುರು ಮೈಲಿಗಿ ಆಗ್ತಾನೋ ಇಲ್ಲೋ?"

"ಆಗಂಗಿಲ್ರಿ. ಕೃಷ್ಣಾ ಹೊಳಿಯಾಗ ಒಂದು ಸಾಸಿವಿ ಕಾಳು ಒಗದ್ರ ಹೊಳಿಗೆ ಗೊತ್ತಾಗ್ತೈತೇನು? ಗುರುವಿಗೆ ಈ ಯಂತ್ರ ಅದಕ್ಕಿಂತ ಕಡಿಮಿ. ಅದೂ ಅಲ್ದ, ಗುರುವಿಗೂ ನಿಮ್ಮ ಹುಡುಗನ ಲಗ್ನಕ್ಕೂ ಯಾವ ಸಂಬಂಧಾನೂ ಇಲ್ಲ."

ಮೊದಲ ಅರ್ಧ ಮಾತ್ರ ಅವನ ಕಿವಿಗೆ ಬಿತ್ತು. "ಹಂಗಾದ್ರ ಛಲೋ ಆತು!" ಎಂದು ತೊಡೆ ತಟ್ಟಿಕೊಂಡ. ಶಾಸ್ತ್ರಿಗಳು ಎಷ್ಟು ಚುರುಕಾಗಿ ಮಗ್ಗುಲು ಬದಲಿಸಿದರೆಂದರೆ, ನೋಡಿದ ನನಗೇ ನಾಚಿಕೆಯಾಯಿತು. "ನಾನೂ ಅದನ್ನ ಹೇಳಾಂವ ಇದ್ದೆ. ಒಂದು ಸಣ್ಣ ಶಾಂತಿ ಮಾಡಿಸಿಬಿಟ್ರ ಸಾಕು. ದೀಪಾವಳಿ ಆದಮ್ಯಾಲೆ ಮುಹೂರ್ತ ಭಾಳ ಅದಾವು." ಬನವ್ವ ನನ್ನನ್ನು ನೋಡಿದಳು, ಮಗ್ಗದ ಮೇಲಿನ ಎಳೆ ಕಡಿದವಳನ್ನು ನೋಡುವ ಹಾಗೆ.

ಆಗ ನೀಲವ್ವ ನೂಲು ಸುತ್ತುವುದನ್ನು ನಿಲ್ಲಿಸಿದಳು.

"ತಡೀರಿ. ಗುರುವಿಗೆ ಏನೂ ಆಗಂಗಿಲ್ಲ ಅಂದ್ರ, ಅಷ್ಟು ದೂರ ಕಳಿಸಿದ ಯಂತ್ರಾನ ಸುಡೂದ್ಯಾಕ?"

"ಅದರ ಬಾಜೂಕಿನ ಸಣ್ಣ ಚಂದ್ರನ ನೀರು ಕೆಡಬಾರ್ದು ಅಂತ, ಆಯಿ."

"ಆ ನೀರು ಯಾರು ನೋಡ್ಯಾರ?"

"ಯಾರೂ ನೋಡಿಲ್ಲ."

"ಅದರಾಗ ಏನೈತಿ?"

"ಗೊತ್ತಿಲ್ಲ. ಏನೂ ಇರಲಿಕ್ಕಿಲ್ಲ."

"ಏನೂ ಇರಲಿಕ್ಕಿಲ್ಲ, ಆದ್ರೂ ಮುಟ್ಟಂಗಿಲ್ಲ?"

"ಇದ್ರ? ಅದಕ್ಕ ಬಾಯಿಲ್ಲ. ಬರಬ್ಯಾಡ್ರಿ ಅನ್ನಾಕ ಬರಂಗಿಲ್ಲ. ಕೇಳಾಕ ಬರಂಗಿಲ್ಲ ಅಂದಮ್ಯಾಲೆ, ಒಳಗೇನೈತಿ ಅಂತ ಗೊತ್ತಾಗೂತನಕ ಹೊಲಸು ಕೈಲೆ ಮುಟ್ಟಬಾರ್ದು ಅಂತ ಅವರ ನೇಮ."

ನೀಲವ್ವನ ಮುಖ ನೋಡುವಂತಿತ್ತು. ಜ್ಞಾನೋದಯವೇನೂ ಅಲ್ಲ, ಅವಮಾನ. ಇಡೀ ಓಣಿಯಲ್ಲಿ ತನ್ನಷ್ಟು ಮಡಿ ಯಾರಿಗೂ ಇಲ್ಲವೆಂದು ಬೀಗುತ್ತಿದ್ದವಳಿಗೆ, ಕಣ್ಣಿಗೇ ಕಾಣದ ನೀರಿನ ಮಡಿಗಾಗಿ ತಮ್ಮದೇ ಯಂತ್ರ ಸುಡುವ ಜನ ಇದ್ದಾರೆಂಬುದನ್ನು ಸಹಿಸಲಾಗಲಿಲ್ಲ.

"ಅಂದ್ರ ಅವ್ರ ಮಡಿ ನನಗಿಂತಾ ಹೆಚ್ಚು," ಎಂದಳು. ಆಮೇಲೆ ಮಗನ ಕಡೆ ತಿರುಗಿದಳು. "ಬಾಯಿಲ್ಲದ ನೀರಿಗೆ ಅವ್ರು ಅಷ್ಟು ಮಾಡ್ತಾರ. ಈಕಿಗೆ ಬಾಯಿ ಐತೆಲ್ಲೋ ಸಂಗಪ್ಪಾ. ನೀ ಒಮ್ಮೆರ ಕೇಳೀಯೇನು?"

ಸಂಗಪ್ಪ ಶಾಸ್ತ್ರಿಗಳ ಕಡೆ ನೋಡಿದ. ಹುಡುಗ ಮೊದಲ ಸಲ ಮೊಬೈಲಿನಿಂದ ತಲೆ ಎತ್ತಿದ.

"ಏನವ್ವ ಬನವ್ವ, ಈ ಲಗ್ನ ಬೇಕೋ ಬ್ಯಾಡೋ? ನಿನ್ನ ಬಾಯಿಲೆ ಹೇಳು."

ಬನವ್ವ ಬಾಗಿಲು ದಾಟಿ ಪಡಸಾಲೆಗೆ ಬಂದಳು. "ಒಲ್ಲೆ ಆಯಿ. ನಾ ಪರೀಕ್ಷಾ ಬರೀತೇನಿ. ಬಿಎಸ್ಸಿ ಮಾಡ್ತೇನಿ."

ಸೋದರಮಾವ ಎದ್ದ. "ಹುಡುಗಿ ಭಾಳ ಮಾತಾಡ್ತೈತಿ. ನಮ್ಮ ಮನಿಗೆ ಒಗ್ಗಂಗಿಲ್ಲ." ಅವನು ಹಾಗೆನ್ನಲು ಅವಳು ಆಡಿದ್ದು ಮೂರೇ ಮಾತು. ಅವಮಾನವಾದವರು ಅವಲಕ್ಕಿಯ ತಟ್ಟೆ ಮಾತ್ರ ಬಳಿದು ತಿಂದು ಖಾಲಿ ಮಾಡಿಯೇ ಹೋದರು. ಗುರು ಮೈಲಿಗೆಯಾಗಿದ್ದರೆ ಶಾಂತಿ ಮಾಡಿಸಿ ಒಪ್ಪುತ್ತಿದ್ದರು. ಹೆಣ್ಣಿಗೆ ಬಾಯಿ ಇರುವುದಕ್ಕೆ ಅವರ ಪಂಚಾಂಗದಲ್ಲಿ ಶಾಂತಿ ಇರಲಿಲ್ಲ.

ಸಂಗಪ್ಪ ಆ ವಾರವೆಲ್ಲ ಮುಖ ಊದಿಸಿಕೊಂಡು ಓಡಾಡಿದ. "ಕೇಳಿದ್ವಿ, ಹೇಳಿದಳು. ಮುಗೀತು" ಎಂದು ಅವನ ತಾಯಿ ಬಾಯಿ ಮುಚ್ಚಿಸಿದಳು. ಬನವ್ವ ಮತ್ತೆ ನನ್ನ ಕೋಣೆಗೆ ಬರತೊಡಗಿದಳು. ಹಿಂದಿನದನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನೌಕೆ ಗುರುವಿನೊಳಗೆ ಇಳಿದದ್ದು ಪಿತೃಪಕ್ಷದಲ್ಲಿ. ಪತ್ರಿಕೆಯವರು ಆ ಸುದ್ದಿಯನ್ನು ಮೂಲವ್ಯಾಧಿಯ ಜಾಹೀರಾತಿನ ಕೆಳಗೆ ಎರಡು ಬೆರಳಗಲ ಹಾಕಿದ್ದರು. ಬನವ್ವ ಅದನ್ನು ಓದಿ ಹೇಳಿದಳು. ಆ ಮನೆಯವರು ಹಿರಿಯರಿಗೆ ಎಡೆ ಇಡುವ ದಿನ ನನ್ನನ್ನೂ ಊಟಕ್ಕೆ ಕರೆದರು. ಗೋಡೆಗುಂಟ ಬಾಳೆಲೆಗಳು: ನೀಲವ್ವನ ಗಂಡನಿಗೆ, ಅತ್ತೆ ಮಾವನಿಗೆ, ಸೊಸೆಗೆ. ಕೊನೆಯಲ್ಲಿ ಇನ್ನೊಂದು ಸಣ್ಣ ಎಲೆ, ಅದರ ಮೇಲೆ ಒಂದು ಕರಿಗಡುಬು.

"ಇದು ಯಾರದು ಆಯಿ?"

"ಆ ಯಂತ್ರದ್ದು. ತನ್ನ ಮೈಲಿಗಿ ಇನ್ನೊಬ್ಬರಿಗೆ ತಾಗಬಾರ್ದಂತ ಸುಟ್ಟಕೊಂಡು ಹೋತು. ಅದಕ್ಕ ಯಾರದಾರ ಎಡಿ ಇಡಾಕ?"

ಇಷ್ಟು ದೊಡ್ಡ ಮೂರ್ಖತನವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಹಾಗೆಂದು ಹೇಳಲು ಬಾಯಿ ತೆರೆದೆ. ಆಮೇಲೆ ಆ ಸಣ್ಣ ಎಲೆಗೂ ಕೈಮುಗಿದು ಊಟಕ್ಕೆ ಕೂತೆ.

ಅವಳ ಮಡಿಯ ಬಗ್ಗೆ ನನ್ನ ಅಸಹ್ಯ ಇವತ್ತಿಗೂ ಹಾಗೇ ಇದೆ. ನಮ್ಮವರ ಮಡಿಯಲ್ಲಿ ಲೋಕವೆಲ್ಲ ಹೊಲಸು, ತಾವೊಬ್ಬರು ಶುದ್ಧ. ನೀನು ಮುಟ್ಟಿದರೆ ನಾನು ಕೆಡುತ್ತೇನೆ ಎನ್ನುವುದು ಅದರ ಒಟ್ಟು ಸಾರ. ಆ ನೌಕೆ ಸುಟ್ಟವರು ಅದನ್ನು ತಿರುವಿ ಹಾಕಿದ್ದರು: ನಾನು ಮುಟ್ಟಿದರೆ ನೀನು ಕೆಡಬಹುದು. ನಮ್ಮಲ್ಲಿ ಯಾವ ಶಾಸ್ತ್ರಿಗೂ ಹೊಳೆಯದ ಈ ಮಾತು ಆ ಹಟಮಾರಿ ಮುದುಕಿಗೆ, ಅದೂ ಹೊಟ್ಟೆಕಿಚ್ಚಿನಲ್ಲಿ, ಹೊಳೆಯಿತು.

ಬನವ್ವ ಪರೀಕ್ಷೆ ಬರೆದಳು, ಬಿಎಸ್ಸಿಗೆ ಬಾಗಲಕೋಟೆಗೆ ಬಂದಳು. ನನಗೆ ಮುಂದಿನ ಜೂನ್‌ನಲ್ಲಿ ಕೆರೂರಿಗೆ ವರ್ಗವಾಯಿತು. ಎರಡು ಸಾವಿರದ ಐದರಲ್ಲಿ ಶನಿಯ ಪುಟ್ಟ ಚಂದ್ರ ಎನ್ಸೆಲಾಡಸ್, ದಕ್ಷಿಣ ತುದಿಯ ಬಿರುಕುಗಳಿಂದ ಮಂಜಿನ ಹುಡಿಯನ್ನು ಆಕಾಶಕ್ಕೆ ಚಿಮ್ಮಿಸುತ್ತದೆಂದು ತಿಳಿದಾಗ, ಸೈಬರ್ ಕೆಫೆಯಲ್ಲಿ ಆ ಚಿತ್ರ ನೋಡಿ ಮೊದಲು ನೆನಪಾದದ್ದು ಬೀದಿಗೆ ಸುರಿದ ತಾಮ್ರದ ಕೊಡ. ಅಷ್ಟೊತ್ತಿಗೆ ನೀಲವ್ವ ಇರಲಿಲ್ಲ. ಈಗ ಯುರೋಪಾದ ಮಂಜನ್ನು ಹತ್ತಿರದಿಂದ ನೋಡಲೆಂದೇ ಹೊಸ ನೌಕೆ ಹೊರಟು ದಾರಿಯಲ್ಲಿದೆ. ಅದು ಮುಟ್ಟುವ ಹೊತ್ತಿಗೆ ನಾನಿರುತ್ತೇನೋ ಇಲ್ಲವೋ. ನಮ್ಮ ಪ್ರಿನ್ಸಿಪಾಲರಂಥವರು ಇದ್ದೇ ಇರುತ್ತಾರೆ, ಅದು ಪರೀಕ್ಷೆಗೆ ಬರುತ್ತದೇನು ಎಂದು ಕೇಳಲು.

ಇಳಕಲ್‌ನಿಂದ ಬಂದ ವಾರವೇ ನಮ್ಮ ಮನೆಯ ಬೋರ್‌ವೆಲ್ ನೀರು ಯಾಕೋ ಉಪ್ಪುಪ್ಪಾಗಿದೆ ಎನ್ನಿಸಿ, ತಂಪು ಪಾನೀಯದ ಹಳೇ ಬಾಟಲಿಯಲ್ಲಿ ತುಂಬಿಕೊಂಡು ನವನಗರದ ನೀರು ಪರೀಕ್ಷೆಯ ಪ್ರಯೋಗಾಲಯಕ್ಕೆ ಹೋದೆ. ಅಲ್ಲಿ ಬಿಳಿ ಕೋಟು ಹಾಕಿಕೊಂಡು ಕೂತಿದ್ದವಳು ಬನಶಂಕರಿ. ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ನನ್ನನ್ನು ಕಂಡು ಖುಷಿಯಿಂದ ಎದ್ದು ಬಂದವಳು ನನ್ನ ಕೈಯ ಬಾಟಲಿ ಕಂಡು ಹುಬ್ಬು ಗಂಟಿಕ್ಕಿದಳು.

"ಇದರಾಗ ತಂದೀರಿ? ಫಿಜಿಕ್ಸ್ ಕಲಿಸಿದಾವ್ರು ನೀವು, ನಾಚಿಕಿ ಬರಂಗಿಲ್ಲೇನ್ರಿ?" ಎಂದು ನನ್ನ ಕಣ್ಣೆದುರೇ ಅಷ್ಟೂ ನೀರನ್ನು ಮೋರಿಗೆ ಸುರಿದಳು. ಅಜ್ಜಿಯ ಕೈಯ ಅದೇ ವರಸೆ.

ಮೇಜಿನ ಮೇಲೆ ಕುದಿಸಿ, ಕಾಗದ ಸುತ್ತಿಟ್ಟ ಗಾಜಿನ ಬಾಟಲಿಗಳ ಸಾಲು ಇತ್ತು. ಹಾಗಾದರೆ ಇದರಲ್ಲಿ ತರುತ್ತೇನೆ ಎಂದು ಒಂದಕ್ಕೆ ಕೈ ಚಾಚಿದೆ.

"ಏ, ಮುಟ್ಟಬ್ಯಾಡ್ರಿ ಅಕ್ಕೋರ! ನಮ್ಮ ಕೈಯಾಗಿಂದು ನೀರಾಗ ಹೋದ್ರ ನೀರಿನ ಖರೆ ಹೆಂಗ ಗೊತ್ತಾಗಬೇಕು?"

ಆ ಮಾತಿಗೆ ಒಂದು ವರ್ಷವಿಡೀ ಉರಿದು ಬಿದ್ದವಳು ನಾನು. ನಲ್ಲಿಯ ಕಡೆ ಹೋಗಿ, ಮೊಣಕೈತನಕ ಕೈ ತೊಳೆದುಕೊಂಡು ಬಂದೆ.